ಕೆಳಮನೆಯ ಬುಟ್ಟಿ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ನಾನು ಸುಸ್ಥಿರತೆಯ ಬಗ್ಗೆ ಮಾತಾಡಲಿದ್ದೇನೆ; ಆಗ ನನ್ನನ್ನು ಬಲ್ಲವರು ಯಾರಾದರೂ ನಿಮ್ಮ ಪಕ್ಕದಲ್ಲಿ ಕೂತು ಕಿಸಕ್ಕನೆ ನಕ್ಕರೆ ಕಾರಣ ನಿಮಗೆ ಗೊತ್ತಿರಬೇಕು. ಕುರ್ಚಿಯಲ್ಲಿ ಕೂತರೆ ನನ್ನ ಕಾಲು ತಾನಾಗಿ ಕುಣಿಯುತ್ತದೆ. ಕಾಲನ್ನು ತಡೆದರೆ ಕೈಯಲ್ಲಿದ್ದ ಪೆನ್ನು ಟಕಟಕ ಅನ್ನುತ್ತದೆ. ಬ್ರಹ್ಮಾವರದಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಒಂದು ಸಲವಾದರೂ ಸೀಟು ಬದಲಾಯಿಸುತ್ತೇನೆ. ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಕೈ ತೊಳೆಯುವ ನಲ್ಲಿ ಎಲ್ಲಿದೆ ಎಂದು ಕಣ್ಣು ಹುಡುಕತೊಡಗುತ್ತದೆ. ನಮ್ಮತ್ತೆ ಇದನ್ನು ನಾನು ಸೊಸೆಯಾಗಿ ಬಂದ ವಾರದಲ್ಲೇ ಕಂಡುಹಿಡಿದಿದ್ದರು. "ಇದ್ರ್ ಕಾಲಡಿ ಕೆಂಡ ಇತ್ತಾ ಎಂತದಾ" ಎಂದು ಯಾರ ಹತ್ತಿರವೋ ಹೇಳಿದ್ದು ನನಗೂ ಕೇಳಿಸಿತ್ತು. ಕೇಳಿಸಲಿ ಅಂತಲೇ ಹೇಳಿದ್ದು ಅದು.

ಇಂಥ ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ನಾಳಿನ ಮೇಷ್ಟರುಗಳಿಗೆ ಪಾಠ ಹೇಳುವುದು ಹೇಗೆಂದು ಪಾಠ ಹೇಳುತ್ತೇನೆ. ಆ ಕೆಲಸಕ್ಕೆ ಓಡಾಟ ಅಡ್ಡಿಯಲ್ಲ. ತರಗತಿಯಲ್ಲಿ ಓಡಾಡುವ ಮೇಷ್ಟರು ಚುರುಕಿನವರೆಂದೇ ಮಕ್ಕಳು ತಿಳಿಯುತ್ತಾರೆ. ತೊಂದರೆ ಶುರುವಾದದ್ದು ನಮ್ಮ ಪ್ರಾಂಶುಪಾಲರು ಯಾವುದೋ ಸಭೆಯಿಂದ ಬಂದು, ಒಂದೇ ವಿಷಯದವರು ಸೇರಿ ಮಾಡಿದ ಸಂಶೋಧನೆಗೆ ಈಗ ಬೆಲೆಯಿಲ್ಲ, ಬೇರೆ ಬೇರೆ ಶಿಸ್ತಿನವರು ಕೂಡಿ ಮಾಡಬೇಕು, ಅದೂ ಸುಸ್ಥಿರತೆಯ ಮೇಲೆ ಮಾಡಬೇಕು ಎಂದು ಘೋಷಿಸಿದಾಗ. ಒಂದು ಶಿಸ್ತೇ ಇಲ್ಲದವಳಿಗೆ ಹಲವು ಶಿಸ್ತುಗಳು ಸಲೀಸಾದಾವು ಎಂದುಕೊಂಡೆನೋ ಏನೋ, ಕೈ ಎತ್ತಿಬಿಟ್ಟೆ.

ನಾವು ಮೂವರಾದೆವು. ಬೈಂದೂರು ಕಡೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ಕಲಿಸುವ ರಘುರಾಮ ಸರ್, ವಂಡ್ಸೆಯಿಂದ ದಿನಾ ಬ್ರಹ್ಮಾವರಕ್ಕೆ ಬಂದು ಮ್ಯಾನೇಜ್‌ಮೆಂಟ್ ಕಲಿಸುವ ಶರ್ಮಿಳಾ, ಮತ್ತು ನಾನು. ರಘುರಾಮ ಸರ್ ಮಾತಿಗೆ ಮೊದಲು ಕನ್ನಡಕ ಒರೆಸುವವರು. ಒರೆಸಿ ಮುಗಿಯುವವರೆಗೆ ಕಾಯಬೇಕು. ಶರ್ಮಿಳಾ ನನಗಿಂತ ತುಂಬಾ ಕಿರಿಯಳು, ಯಾವುದನ್ನೂ ಬಾಣದ ಗುರುತು ಹಾಕದೆ ವಿವರಿಸಲಾರಳು. ಯಾರ ಊರಲ್ಲಿ ಸೇರುವುದು ಎಂಬುದೇ ಮೊದಲ ತಕರಾರಾಯಿತು. ಕೊನೆಗೆ ಸರದಿಯ ಮೇಲೆ ಒಮ್ಮೆ ಬೈಂದೂರು, ಒಮ್ಮೆ ಕುಂದಾಪುರ, ಒಮ್ಮೆ ಬ್ರಹ್ಮಾವರ ಎಂದು ತೀರ್ಮಾನವಾಯಿತು. ಭೂಮಿಯ ಮೇಲೆ ಹೊಗೆ ಕಡಿಮೆ ಮಾಡುವುದು ಹೇಗೆಂದು ಚರ್ಚಿಸಲು ಮೂರು ಜನ ಮೂರು ದಿಕ್ಕಿನಿಂದ ಹೆದ್ದಾರಿಯಲ್ಲಿ ಪೆಟ್ರೋಲು ಸುಡುತ್ತಾ ಹೋಗುವುದು ಸರಿಯೇ ಎಂದು ನಾನೊಮ್ಮೆ ಕೇಳಿದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ ಆ ಪ್ರಶ್ನೆಯನ್ನು ಗೋಳಿಬಜೆಯ ಜೊತೆ ನುಂಗಿದೆ.

ಎರಡನೆಯ ತಕರಾರು ಆ ಶಬ್ದದ್ದೇ. ಸುಸ್ಥಿರ ಎಂದರೆ ಏನು? ರಘುರಾಮ ಸರ್ ಕನ್ನಡಕ ಒರೆಸಿ, ಮುರಿಯದೆ ನಿಲ್ಲುವುದು ಅಂದರು. ಅವರ ಲೆಕ್ಕದಲ್ಲಿ ಒಳ್ಳೆಯ ಸೇತುವೆ ಎಂದರೆ ಕಟ್ಟಿದವರ ಮೊಮ್ಮಕ್ಕಳು ಅದರ ಮೇಲೆ ನಡೆಯಬೇಕು. ಶರ್ಮಿಳಾ ಒಂದು ಬಾಣ ಎಳೆದು, ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವುದು ಅಂದಳು. ಯಾರೋ ಕೊಟ್ಟ ಅನುದಾನದಲ್ಲಿ ನಡೆಯುವುದು ಅನುದಾನ ನಿಂತ ದಿನ ಕೂತುಬಿಡುತ್ತದೆ ಎಂಬುದು ಅವಳ ವಾದ. ನಾನು ನನ್ನ ಸರದಿ ಬಂದಾಗ, ಮುಂದಿನವರು ಕಲಿತುಕೊಂಡು ಮುಂದುವರಿಸುವುದು ಅಂದೆ. ಪಾಠ ಹೇಳುವವಳು ಬೇರೇನು ಹೇಳಿಯಾಳು? ಮೂರು ಸಭೆ ಇದರಲ್ಲೇ ಕಳೆಯಿತು. ಮೂರು ಉತ್ತರವೂ ಸರಿಯಾಗಿತ್ತು, ಮೂರನ್ನು ಕೂಡಿಸಿದರೆ ಒಂದು ವಾಕ್ಯವೂ ಆಗುತ್ತಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಲೆ ಬೇರೆ ಎಲ್ಲೆಲ್ಲೋ ಹೋಗುತ್ತಿತ್ತು. ಉಳಿಯುವುದು ಅಂದರೇನು ಎಂದು ನಮ್ಮ ಹಳೆಯ ತಾರ್ಕಿಕರು ಸಾಕಷ್ಟು ಜಗಳಾಡಿದ್ದಾರೆ. ದೀಪದ ಕುಡಿ ಒಂದೇ ಥರ ಕಂಡರೂ ಕ್ಷಣಕ್ಷಣವೂ ಹಳೆಯದು ಸತ್ತು ಹೊಸದು ಹುಟ್ಟುತ್ತದೆ, ಉಳಿಯುವುದು ಎಂಬುದೇ ಕಣ್ಣಿನ ಭ್ರಮೆ ಎಂದು ಬೌದ್ಧರು. ಹಾಗಾದರೆ ನಿನ್ನೆ ನೋಡಿದ್ದನ್ನು ಇವತ್ತು ಗುರುತು ಹಿಡಿಯುವವರು ಯಾರಪ್ಪಾ ಎಂದು ನೈಯಾಯಿಕರು. ಹಲಗೆಯನ್ನೆಲ್ಲ ಒಂದೊಂದಾಗಿ ಬದಲಾಯಿಸಿದ ಹಡಗು ಹಳೆಯದೋ ಹೊಸದೋ ಎಂದು ಗ್ರೀಕರು ತಲೆಕೆಡಿಸಿಕೊಂಡಿದ್ದರಂತೆ. ಆ ಪ್ರಶ್ನೆಯನ್ನು ದೋಣಿ ರಿಪೇರಿ ಮಾಡುವ ನಮ್ಮ ಹಂಗಾರಕಟ್ಟೆಯಲ್ಲಿ ಕೇಳಿದರೆ ದೋಣಿ ನೀರಿಗಿಳಿಯುವುದು ಇನ್ನಷ್ಟು ತಡವಾಗುತ್ತದೆ ಅಷ್ಟೆ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ ತಿನ್ನದ ವಸ್ತುವಿಲ್ಲ. ಗೇಟಿನ ಕೊಂಡಿ ತಿನ್ನುತ್ತದೆ, ಫ್ರಿಜ್ಜಿನ ಕಾಲು ತಿನ್ನುತ್ತದೆ, ಸ್ಕೂಟರಿನ ಹೊಟ್ಟೆ ತಿನ್ನುತ್ತದೆ. ಇಲ್ಲಿ ಹುಟ್ಟಿದವರಿಗೆ ಮುರಿಯದೆ ನಿಲ್ಲುವುದು ಎಂಬುದರ ಮೇಲೆ ನಂಬಿಕೆ ಬರುವುದು ಸ್ವಲ್ಪ ಕಷ್ಟ.

ಪ್ರತ್ಯಕ್ಷ ಅಧ್ಯಯನಕ್ಕೆ ಒಂದು ವಸ್ತು ಬೇಕಲ್ಲ? ಸರ್ ಒಂದು ಸೇತುವೆ ಹೇಳಿದರು. ಶರ್ಮಿಳಾ ಮೀನಿನ ಐಸ್ ಕಾರ್ಖಾನೆ ಹೇಳಿದಳು. ಕೂತು ಕೂತು ನನಗೆ ಮೈಯೆಲ್ಲ ಚಡಪಡಿಸುತ್ತಿತ್ತು. ಹೇಗಾದರೂ ಸಭೆ ಮುಗಿದರೆ ಸಾಕೆಂದು, "ನಮ್ಮ ಮನೆ ಹತ್ತಿರ ಒಂದು ಕಟ್ಟ ಉಂಟು" ಅಂದುಬಿಟ್ಟೆ.

ನಮ್ಮ ಮನೆ ಹಂಗಾರಕಟ್ಟೆಯ ಅಳಿವೆಯಿಂದ ಒಳಗೆ ಬಂದರೆ ಸಿಗುವ ಒಂದು ಸಣ್ಣ ಹೊಳೆಯ ದಂಡೆಯಲ್ಲಿದೆ. ಮಳೆಗಾಲದಲ್ಲಿ ಈ ಹೊಳೆ ಸಮುದ್ರಕ್ಕೆ ಹರಿಯುತ್ತದೆ. ಮಳೆ ನಿಂತು, ಮೇಲಿನ ನೀರಿನ ಜೋರು ಕಡಿಮೆಯಾದ ಮೇಲೆ, ಸಮುದ್ರವೇ ಹೊಳೆಗೆ ಹರಿಯತೊಡಗುತ್ತದೆ. ಪ್ರತಿ ಉಬ್ಬರಕ್ಕೂ ಉಪ್ಪುನೀರು ಇಷ್ಟಿಷ್ಟೇ ಮೇಲೆ ಬಂದು ಗದ್ದೆಗೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ. ಅದಕ್ಕೆ ದೀಪಾವಳಿ ಕಳೆದ ಮೇಲೆ ಊರಿನವರು ಸೇರಿ ಹೊಳೆಗೆ ಅಡ್ಡಲಾಗಿ ಕಟ್ಟ ಹಾಕುತ್ತಾರೆ. ಎರಡು ಸಾಲು ಗೂಟ, ಗೂಟಕ್ಕೆ ಒರಗಿಸಿದ ಹಲಗೆ ಮತ್ತು ತೆಂಗಿನ ಮಡಲು, ನಡುವೆ ತುಳಿದು ತುಂಬಿದ ಜೇಡಿಮಣ್ಣು. ಇಷ್ಟೇ. ಈಚೆ ಸಿಹಿನೀರು ನಿಂತು ಉದ್ದು, ಅವಡೆ ಕಾಳು, ನೆಲಗಡಲೆ ಆಗುತ್ತವೆ. ಮುಂದಿನ ಮಳೆಗಾಲದ ಮೊದಲ ದೊಡ್ಡ ನೆರೆಗೆ ಕಟ್ಟ ಕಿತ್ತು ಹೋಗುತ್ತದೆ. ಮತ್ತೆ ದೀಪಾವಳಿ ಕಳೆದ ಮೇಲೆ ಹಾಕುತ್ತಾರೆ.

ಒಂದು ವರ್ಷ ಕಟ್ಟ ಸರಿಯಾಗಿ ಕೂರದೆ ನಡುವೆಯೇ ಹೋಗಿತ್ತು. ಆ ಬೇಸಿಗೆಯಿಡೀ ನಮ್ಮ ಬಾವಿ ಉಪ್ಪಾಗಿ, ಸೋಪು ನೊರೆ ಬರಲಿಲ್ಲ, ಬೇಳೆ ಬೇಯಲಿಲ್ಲ, ಅತ್ತೆಯ ಚಹಾ ಚಹಾ ಆಗಲಿಲ್ಲ. ಮಂಡಿ ಹಿಡಿದುಕೊಂಡು ಅವರು ದಿನಾ ಮೇಲ್ಮನೆಯವರ ಬಾವಿಗೆ ಏರು ಹತ್ತಿದರು. ಯಾರೂ ಬೇಡ ಅನ್ನಲಿಲ್ಲ, ಆದರೆ ಇನ್ನೊಬ್ಬರ ಬಾವಿಯಲ್ಲಿ ಕೊಡಪಾನ ಇಳಿಸುವಾಗ ಅತ್ತೆಯ ಮುಖ ನೋಡಿದ್ದೆ. ಅದು ನನಗೆ ಮರೆಯುವುದಿಲ್ಲ.

ನಾನು ವಿವರಿಸಿ ಮುಗಿಸಿದಾಗ ಶರ್ಮಿಳಾ ನಗತೊಡಗಿದಳು. ಸರ್ ಲೆಕ್ಕದಲ್ಲಿ ನೋಡಿದರೆ ಇದು ಪ್ರತಿ ವರ್ಷ ಮುರಿಯುತ್ತದೆ. ಅವಳ ಲೆಕ್ಕದಲ್ಲಿ ಒಂದು ಬಿಡಿಗಾಸು ದುಡಿಯುವುದಿಲ್ಲ. ನನ್ನ ಲೆಕ್ಕದಲ್ಲಿ, ಈಗ ಹೊಸಬರು ಯಾರೂ ಇದನ್ನು ಕಲಿಯುತ್ತಿಲ್ಲ. ಮೂರು ಶಿಸ್ತಿನಲ್ಲೂ ನಪಾಸಾದ ವಸ್ತು ಅತ್ತೆಯ ಅತ್ತೆಯ ಕಾಲದಿಂದ ನಡೆದುಕೊಂಡು ಬಂದಿದೆ. ಇಂಥದ್ದು ಮತ್ತೆಲ್ಲಿ ಸಿಕ್ಕೀತು? ಸರ್ ಕೂಡ ಕನ್ನಡಕ ಒರೆಸದೆಯೇ ಒಪ್ಪಿದರು.

ಕಟ್ಟದ ಕೆಲಸಕ್ಕೆ ಮನೆಗೊಂದಾಳು ಎಂದು ಲೆಕ್ಕ. ಕೂಲಿ ಇಲ್ಲ, ಕರೆಯುವ ಮರ್ಯಾದೆ ಇದೆ. ಗೂಟ ಹೊಡೆದು, ಎರಡೂ ದಂಡೆಯಿಂದ ಮಣ್ಣು ತುಂಬುತ್ತಾ ಬಂದು, ನಡುವೆ ಒಂದು ಬಾಯಿ ಬಿಟ್ಟಿರುತ್ತಾರೆ. ಸಣ್ಣ ಉಬ್ಬರದ ದಿನ ನೋಡಿ, ನೀರು ಪೂರಾ ಇಳಿದ ಹೊತ್ತಿಗೆ ಆ ಬಾಯಿ ಮುಚ್ಚಬೇಕು. ಮುಚ್ಚುವಾಗ ಒಂದು ಕ್ರಮ ಉಂಟು. ಕಟ್ಟದ ನಡುವೆ ನಿಂತವನು ಒಂದೊಂದೇ ಮನೆಯ ಹೆಸರು ಕೂಗುತ್ತಾನೆ. ಆ ಮನೆಯವರು ಒಂದು ಬುಟ್ಟಿ ಮಣ್ಣು ಕೈಯಾರೆ ಕೊಡಬೇಕು. ಆಮೇಲೆ ಎಷ್ಟು ಬುಟ್ಟಿಯಾದರೂ ಯಾರಾದರೂ ಹಾಕಲಿ, ಮೊದಲ ಸುತ್ತು ಮಾತ್ರ ಮನೆಮನೆಯದು. ಯಾಕೆ ಹಾಗೆ ಎಂದು ಅತ್ತೆಯನ್ನು ಕೇಳಿದರೆ, "ನಾಳೆ ಕಟ್ಟ ಕಡ್ಕಂಡ್ ಹೋರೆ ಆ ಮನಿಯರ್ ಮಣ್ಣ್ ಸರಿ ಇರ್ಲಿಲ್ಲ, ಈ ಮನಿಯರ್ ಮಣ್ಣ್ ಸರಿ ಇರ್ಲಿಲ್ಲ ಅಂಬುಕ್ ಆತಿಲ್ಲ ಅಲ್ದಾ" ಎಂದರು. ನಾನು ಇದನ್ನು 'ಸಾಮೂಹಿಕ ಹೊಣೆಗಾರಿಕೆ' ಎಂದು ಕಂಪ್ಯೂಟರಿನಲ್ಲಿ ಬರೆದುಕೊಂಡೆ.

ಆ ವರ್ಷ ಕಟ್ಟ ಹಾಕುವುದೇ ಅನುಮಾನವಾಗಿತ್ತು. ಕೆಲವು ಮನೆಗಳಿಗೆ ಪಂಚಾಯತಿಯ ನಲ್ಲಿ ಬಂದಿತ್ತು, ಕೆಲವರು ಬೋರು ಹೊಡೆಸಿದ್ದರು. ಕಟ್ಟದ ಮುಂದಾಳು ಚಂದ್ರ ನಮ್ಮೆದುರು ಮನೆಯವನು. ನಮ್ಮ ಯಜಮಾನರಿಗಿಂತ ಕಿರಿಯ, ನನ್ನನ್ನು ಅತ್ತಿಗೆ ಅನ್ನುತ್ತಾನೆ, ಸಾಮಾನು ಸಾಗಿಸುವ ರಿಕ್ಷಾ ಓಡಿಸುತ್ತಾನೆ. ಒಂದು ವಾರ ಆ ರಿಕ್ಷಾ ನಿಲ್ಲಿಸಿ ಮನೆಮನೆ ಹತ್ತಿ ಇಳಿದಿದ್ದ. ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿಯುತ್ತಾ, "ಒಂದ್ ಮನಿಯರ್ ತಪ್ಪ್ಸ್ರೆ ಮತ್ತೊಂದ್ ಮನಿಯರಿಗೆ ಅದೇ ಸಾಕ್, ಅತ್ತಿಗಿ. ಒಂದ್ ವರ್ಷ ಬಿಟ್ರೆ ಮತ್ತ್ ಕಟ್ಟ ಅಂಬುದೇ ಇಲ್ಲ" ಅಂದ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಬಾವಿಯ ಬಗ್ಗೆ ಹೆದರಿಕೆಯಾಯಿತು, ಅತ್ತೆಯ ಮಂಡಿಯ ಬಗ್ಗೆ ಹೆದರಿಕೆಯಾಯಿತು. ಸಂಶೋಧನೆಯ ಬಗ್ಗೆಯೂ ಆಯಿತು, ಹೇಳದಿದ್ದರೆ ಸುಳ್ಳಾಗುತ್ತದೆ.

ಪ್ರತಿ ವರ್ಷ ನಮ್ಮ ಮನೆಯಿಂದ ಹೋಗುತ್ತಿದ್ದವರು ನಮ್ಮ ಯಜಮಾನರು. ಆ ವರ್ಷ ಅವರ ಮಂಡಿಯ ಆಪರೇಷನ್ ಆಗಿ ಕಾಲು ಚಾಚಿ ಮಲಗಿದ್ದರು. ಆ ಮನೆಯಲ್ಲಿ ಮಂಡಿಗಳದ್ದೇ ಒಂದು ಪುರಾಣ. ಅವರು, "ಈ ಸಲ ನೀ ಹೋತೆ ಅಲ್ದಾ?" ಎಂದು ಕೇಳಿದರು. "ನಾನು ಹೋಗದೆ ಆಗುತ್ತದಾ? ನಮ್ಮ ಟೀಮೇ ಬರುತ್ತದೆ" ಅಂದೆ. ಅವರು ಸಮಾಧಾನದಿಂದ ಟೀವಿಯ ಕಡೆ ತಿರುಗಿದರು. ಇಬ್ಬರೂ ಒಂದೇ ಮಾತನ್ನು ಆಡುತ್ತಿದ್ದೇವೆಂದು ಇಬ್ಬರೂ ನಂಬಿದ್ದೆವು.

ಬಾಯಿ ಮುಚ್ಚುವ ದಿನ ಬೆಳಿಗ್ಗೆ ನಾನು ಬಿಸಿಲಿಗೆ ಟೊಪ್ಪಿ, ಕಾಲಿಗೆ ಬೂಟು, ಬೆನ್ನಿಗೆ ಬ್ಯಾಗು, ಕೊರಳಿಗೆ ಕಾಲೇಜಿನ ಗುರುತಿನ ಚೀಟಿ ತೂಗಿಸಿಕೊಂಡು ಹೊರಟೆ. ಅತ್ತೆ ತೆಂಗಿನಗರಿಯ ಹಿಡಿ, ಅಂದರೆ ಪೊರಕೆ, ಕಟ್ಟುತ್ತಿದ್ದವರು ತಲೆ ಎತ್ತಿದರು.

"ಎಂತ ಹೆಣ್ಣೆ, ಕಟ್ಟಕ್ ಹೋಪುದಾ, ಮದ್ವಿಗ್ ಹೋಪುದಾ?"

ನಾನು ನಕ್ಕು ಹೊರಟೆ. ಮೂಲೆಯಲ್ಲಿ ಬುಟ್ಟಿ ಇತ್ತು. ಅದರ ಪಕ್ಕದಲ್ಲೇ ಹಾದು ಹೋದೆ.

ದಂಡೆಯಲ್ಲಿ ನಮ್ಮ ತಂಡ ಸಿದ್ಧವಾಗಿತ್ತು. ಸರ್ ಹೊಳೆಯ ಅಗಲ ಅಳೆದು, ಸೋರಿಕೆಯ ಜಾಗಗಳ ಚಿತ್ರ ಬರೆಯುತ್ತಿದ್ದರು. ಶರ್ಮಿಳಾ ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಆ ಹೊತ್ತಿಗೆ ಬೇರೆಲ್ಲಿ ದುಡಿದಿದ್ದರೆ ಏನಾಗುತ್ತಿತ್ತು ಎಂದು ಬಾಣ ಎಳೆಯುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಚಿತ್ರೀಕರಣ. ಜನ ಒಬ್ಬರಿಂದೊಬ್ಬರು ಕೆಲಸ ಹೇಗೆ ಕಲಿಯುತ್ತಾರೆ ಎಂಬುದನ್ನು ಫೋನಿನಲ್ಲಿ ಹಿಡಿಯುವುದು. ಎಲ್ಲಕ್ಕಿಂತ ಮುಖ್ಯವಾಗಿ ಕೆಲಸದ ಸಹಜತೆಗೆ ನಾವು ಭಂಗ ತರಬಾರದು, ಬರಿಯ ನೋಡುಗರಾಗಿರಬೇಕು ಎಂದು ಸರ್ ಮೊದಲೇ ತಾಕೀತು ಮಾಡಿದ್ದರು. ಕೈ ಹಾಕಿದರೆ ದತ್ತಾಂಶ ಕೆಡುತ್ತದಂತೆ. ನಾನು ದಂಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಾ ಎಲ್ಲ ಕೋನದಿಂದಲೂ ಚಿತ್ರ ತೆಗೆದೆ. ಇಷ್ಟು ಹಿತವಾದ ಸಂಶೋಧನೆ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಜನ ಕಡಿಮೆ ಇದ್ದರು. ನೀರು ಪೂರಾ ಇಳಿದು, ಕಟ್ಟದ ಬಾಯಲ್ಲಿ ಮೊಣಕಾಲು ಮಟ್ಟಕ್ಕೆ ಬಂದು ನಿಂತಿತ್ತು. ಚಂದ್ರ ನಡುವೆ ನಿಂತು ಕೂಗತೊಡಗಿದ. "ಮೇಲ್ಮನಿ!" ಒಂದು ಬುಟ್ಟಿ ಬಂತು. "ಹೊಸಮನಿ!" ಬಂತು. "ಕೋಡಿಮನಿ!" ಬಂತು. ಬುಟ್ಟಿ ಕೈಯಿಂದ ಕೈಗೆ ಹೋಗಿ ಧಡಕ್ಕೆಂದು ನೀರಿಗೆ ಬೀಳುವುದು ಫೋನಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ನಾನು ಮನಸ್ಸಿನಲ್ಲೇ ಅದಕ್ಕೆ ಹಿನ್ನೆಲೆ ಸಂಗೀತವನ್ನೂ ಹಾಕಿದ್ದೆ.

"ಹ್ವಾಯ್, ಕೆಳಮನಿ!"

ಬುಟ್ಟಿ ಬರಲಿಲ್ಲ.

"ಕೆಳಮನಿಯರ್ ಎಲ್ಲಿ?"

ಆಹಾ, ಇದೇ ಅಲ್ಲವೇ ನಾವು ಹುಡುಕುತ್ತಿದ್ದದ್ದು, ಎಂದುಕೊಂಡೆ. ವ್ಯವಸ್ಥೆ ಸಡಿಲವಾಗುವ ಕ್ಷಣ. ಗೈರಾದ ಮನೆ. ಬಂದವರ ಮುಖದಲ್ಲಿ ಆಗ ಏನು ಕಾಣುತ್ತದೆಂದು ಹಿಡಿಯಲು ಫೋನನ್ನು ಮೆಲ್ಲನೆ ಜನರ ಕಡೆ ತಿರುಗಿಸಿದೆ. ಪರದೆಯ ತುಂಬ ಮುಖಗಳು, ಒಂದೊಂದೂ ನೇರವಾಗಿ ನನ್ನನ್ನೇ ನೋಡುತ್ತಿವೆ. ಚಿತ್ರ ಕೆಟ್ಟಿತಲ್ಲ ಎಂದು ನನಗೆ ಸಿಟ್ಟು ಬಂತು.

"ಎಲ್ಲ ಇತ್ಲಾಗ್ ಕಾಣ್ಬೇಡಿ. ನಿಮ್ ನಿಮ್ ಕೆಲ್ಸ ಮಾಡ್ಕಂತ ಇರಿ" ಅಂದೆ.

ಚಂದ್ರನೇ ಹೇಳಿದ. "ಮೇಡಮ್ರೆ, ನಾವ್ ಕ್ಯಾಮ್ರ ಕಾಂಬುದಲ್ಲ. ಕೆಳಮನಿ ಬುಟ್ಟಿ ಎಲ್ಲಿತ್ತ್ ಅಂದೇಳಿ ಕಾಂಬುದ್."

ಇಪ್ಪತ್ತು ವರ್ಷದಿಂದ ಕೆಳಮನೆಯ ಸೊಸೆ ನಾನು. ರೇಶನ್ ಅಂಗಡಿಯಲ್ಲಿ, ದೇವಸ್ಥಾನದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೆಳಮನೆ ಎಂದರೆ ತಿರುಗಿ ನೋಡುವವಳು. ಆ ಒಂದು ಗಳಿಗೆ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅಧ್ಯಯನದ ಒಂದು ವಿವರವಾಗಿ.

"ನಾನ್ ಬಂದಿದ್ನಲ್ದಾ?" ಎಂದೆ.

"ನೀವ್ ಬಂದದ್ ಕಾಲೇಜಿಂದ. ಮನಿಯಿಂದ ಯಾರ್ ಬಂದಿರ್?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ದಿನಾ ಅತ್ತಿಗೆ ಅನ್ನುವವನು ಮೇಡಮ್ರೆ ಅಂದದ್ದು ಕೂಡ ಚುಚ್ಚುವುದಕ್ಕಲ್ಲ. ಕೊರಳಲ್ಲಿ ಚೀಟಿ ತೂಗಿಸಿಕೊಂಡವರನ್ನು ಇನ್ನೇನು ಕರೆಯಬೇಕು? ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. ಆಚೆ ಅಳಿವೆಯ ಕಡೆಯಿಂದ ನೀರು ಮೆಲ್ಲನೆ ತಿರುಗತೊಡಗಿತ್ತು. ಕೋಡಿಮನೆಯವರು ಆಗಲೇ ದಂಡೆಗೆ ಬಂದು ಕೈ ತೊಳೆಯುತ್ತಿದ್ದರು. ಒಂದು ಮನೆ ತಪ್ಪಿಸಿದರೆ ಮತ್ತೊಂದು ಮನೆಗೆ ಅದೇ ಸಾಕು ಎಂದು ಅವನು ನಮ್ಮ ಜಗಲಿಯಲ್ಲೇ ಕೂತು ಹೇಳಿದ್ದ. ಆ ಒಂದು ಮನೆ ನಮ್ಮದಾಗಿತ್ತು.

ಫೋನನ್ನು ಶರ್ಮಿಳಾಳ ಕೈಗೆ ತುರುಕಿದೆ. ಟೊಪ್ಪಿ, ಚೀಟಿ, ಬ್ಯಾಗು ಎಲ್ಲ ದಂಡೆಯ ಮೇಲೆ ಬಿತ್ತು. ಬೂಟು ಬಿಚ್ಚಲು ವ್ಯವಧಾನವಿರಲಿಲ್ಲ. ಮಣ್ಣಿನ ರಾಶಿಯ ಪಕ್ಕದಲ್ಲಿದ್ದ ಯಾರದೋ ಬುಟ್ಟಿ ಎತ್ತಿ ತುಂಬಿಸಿಕೊಂಡು, "ಕೆಳಮನಿ ಬಂತ್, ಬಂತ್" ಎಂದು ಕೂಗುತ್ತಾ ಇಳಿದೆ. ಯಾರೋ ನಕ್ಕರು, ಯಾರೋ ಜಾರದಂತೆ ತೋಳು ಹಿಡಿದರು. ಚಂದ್ರ ಬುಟ್ಟಿ ತೆಗೆದುಕೊಂಡು ಸುರಿದ. ಕೈ ತೊಳೆಯುತ್ತಿದ್ದವರು ಮತ್ತೆ ಇಳಿದು ಬಂದರು.

ಆಮೇಲೆ ನಡೆದದ್ದು ನಮ್ಮ ಯಾವ ಚಿತ್ರೀಕರಣದಲ್ಲೂ ಇಲ್ಲ, ಯಾಕೆಂದರೆ ಕೈ ಸಾಲದೆ ಶರ್ಮಿಳಾಳೂ ಫೋನನ್ನು ಜೇಬಿಗೆ ಹಾಕಿ ಸಾಲಿಗೆ ಸೇರಿದಳು. ನನ್ನನ್ನು ಸಾಲಿನ ನಡುವೆ, ಮೊಣಕಾಲವರೆಗಿನ ಕೆಸರಿನಲ್ಲಿ ನಿಲ್ಲಿಸಿದರು. ಎಡಗಡೆಯಿಂದ ಬುಟ್ಟಿ ಬರುತ್ತದೆ, ಬಲಗಡೆಗೆ ಕೊಡಬೇಕು. ಓಡಾಡೋಣವೆಂದರೆ ಕಾಲು ಏಳುವುದಿಲ್ಲ. ಒಂದು ಬೂಟು ಆಗಲೇ ಹೊಳೆಯ ಪಾಲಾಗಿತ್ತು. ನನ್ನ ಆಯುಷ್ಯದಲ್ಲೇ ಮೊದಲ ಬಾರಿಗೆ ನಾನು ಒಂದು ಕಡೆ ಇಷ್ಟು ಹೊತ್ತು ನಿಂತೆ. ಧ್ಯಾನ ಶಿಬಿರದವರಿಗೆ ಆಗದ್ದನ್ನು ಕೆಸರು ಮಾಡಿತ್ತು.

ದಂಡೆಯಲ್ಲಿ ಉಳಿದದ್ದು ರಘುರಾಮ ಸರ್ ಒಬ್ಬರೇ. ಅವರು ದತ್ತಾಂಶ ಕೆಡುವುದನ್ನು ನೋವಿನಿಂದ ನೋಡುತ್ತಾ ನಿಂತಿದ್ದರು. ಬಾಯಿ ಮುಚ್ಚಿತು, ನೀರು ಆಚೆ ಏರತೊಡಗಿತು, ಎಲ್ಲರೂ ಸೊಂಟ ನೆಟ್ಟಗೆ ಮಾಡಿಕೊಂಡರು. ಆಗ ಸರ್ ಇದ್ದಕ್ಕಿದ್ದಂತೆ, "ಅಲ್ಲಿ, ಆ ಮೂರನೇ ಗೂಟದ ಬುಡ ನೋಡಿ, ಕೆಂಪು ನೀರು ಬತ್ತಾ ಇತ್ತ್!" ಎಂದು ಕಿರುಚಿದರು. ಅವರ ಬಾಯಲ್ಲಿ ಬೈಂದೂರಿನ ಮಾತು ನಾವು ಅದುವರೆಗೆ ಕೇಳಿಯೇ ಇರಲಿಲ್ಲ. ಹಲಗೆಯ ಅಡಿಯಿಂದ ಕೆಸರು ಬೆರೆತ ನೀರು ಈಚೆ ಒಸರುತ್ತಿತ್ತು. ಈಚೆಯಿಂದ ಮಣ್ಣು ಹಾಕಿದರೆ ಪ್ರಯೋಜನವಿಲ್ಲ, ಆಚೆಯಿಂದ ಜೇಡಿ ತುಳಿಯಬೇಕು, ಕೂಡಲೇ ಆಗಬೇಕು ಎಂದು ಹೇಳುತ್ತಲೇ ಅವರು ಪ್ಯಾಂಟು ಮಡಚದೆ ಇಳಿದೇಬಿಟ್ಟರು. ಚಂದ್ರ ಒಂದು ಗಳಿಗೆ ನೋಡಿ, ಹೌದೆಂದು ಜನರನ್ನು ಆಚೆ ಕಳಿಸಿದ. ಅದನ್ನು ಹಾಗೇ ಬಿಟ್ಟಿದ್ದರೆ ಸಂಜೆಯೊಳಗೆ ಕಟ್ಟ ಹೋಗುತ್ತಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಸರ್ ಕನ್ನಡಕ ಕೆಸರಾಗಿತ್ತು. ಒರೆಸಲು ಒಣಗಿದ ಬಟ್ಟೆ ಯಾರ ಹತ್ತಿರವೂ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಒಂದೇ ಬೂಟಿನ ಮೇಲೆ ಕಣ್ಣು ನಿಲ್ಲಿಸಿ, "ಮದ್ವಿ ಗಮ್ಮತ್ ಆತಾ?" ಎಂದರು. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಬಾವಿಯಿಂದ ಒಂದು ಕೊಡ ನೀರು ಸೇದಿ ನನ್ನ ಕಾಲಿಗೆ ಹೊಯ್ದರು. ತಂಪಾಗಿತ್ತು. ನನಗೆ ನಾಚಿಕೆಯಾಯಿತು, ಸುಖವೂ ಆಯಿತು. ಆ ಬೇಸಿಗೆ ಬಾವಿ ಸಿಹಿಯಾಗಿಯೇ ಇತ್ತು.

ಇನ್ನು ಸಂಶೋಧನೆಯ ಗತಿ. ನೋಡಲು ಹೋದ ಮೂವರೂ ನೋಡಿಸಿಕೊಂಡವರಲ್ಲಿ ಸೇರಿಹೋಗಿದ್ದೆವು. ಇದನ್ನು ಬರೆಯುವುದು ಹೇಗೆ? ಅಡಗಿಸಿದರೆ ಮೋಸ, ಬರೆದರೆ ನಗೆಪಾಟಲು. ತಿಂಗಳುಗಟ್ಟಲೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಸುತ್ತಿ, ಕೊನೆಗೆ ಸರ್ ಹಟದಿಂದ ಎಲ್ಲವನ್ನೂ ಇದ್ದ ಹಾಗೆ ಬರೆಸಿದರು. ಅಧ್ಯಯನ ತಂಡದ ಒಬ್ಬ ಸದಸ್ಯೆಯ ಮನೆ ಮೊದಲ ಕೂಗಿಗೆ ಗೈರಾಗಿತ್ತು ಎಂಬುದೂ ಅದರಲ್ಲಿ ಬಂತು. ಸುಸ್ಥಿರ ಎಂದರೇನು ಎಂಬಲ್ಲಿ ಮಾತ್ರ ಮೂರು ವ್ಯಾಖ್ಯೆಗಳನ್ನೂ ಹಾಗೆಯೇ ಬಿಟ್ಟೆವು. ಜಗಳಕ್ಕೆ ಯಾರಿಗೂ ಮೊದಲಿನ ಉತ್ಸಾಹವಿರಲಿಲ್ಲ.

ಪ್ರಬಂಧ ಒಂದು ದೊಡ್ಡ ವಿಚಾರಸಂಕಿರಣಕ್ಕೆ ಆಯ್ಕೆಯಾಯಿತು. ಮಂಡಿಸಬೇಕಾದವಳು ನಾನು. ಸೀರೆ ಇಸ್ತ್ರಿ ಮಾಡಿಸಿ, ಕನ್ನಡಿಯ ಮುಂದೆ ಅತ್ತಿಂದಿತ್ತ ಓಡಾಡುತ್ತಾ ಮಾತು ಅಭ್ಯಾಸ ಮಾಡುತ್ತಿದ್ದೆ. ಆಗ ಚಂದ್ರನ ಫೋನು ಬಂತು. ಮಳೆ ಬಿಟ್ಟು ಹೊಳೆ ಸಣ್ಣದಾಗಿತ್ತು, ಗೂಟ ಹೊಡೆದಾಗಿತ್ತು, ಅಷ್ಟಮಿಯ ಸಣ್ಣ ಉಬ್ಬರಕ್ಕೆ ಬಾಯಿ ಮುಚ್ಚಬೇಕಿತ್ತು.

"ಅತ್ತಿಗಿ, ಈ ಸಲ ಹ್ಯಾಂಗೆ? ಕಾಲೇಜಿಂದ ಬತ್ರಿಯಾ, ಮನಿಯಿಂದ ಬತ್ರಿಯಾ?"

ಸಂಕಿರಣವೂ ಅದೇ ದಿನ. ಸಂಕಿರಣದ ದಿನ ಮುಖ್ಯ ಅತಿಥಿಯ ಅನುಕೂಲ ನೋಡಿ ಇಟ್ಟದ್ದು. ಕಟ್ಟದ ದಿನ ಚಂದ್ರನದೂ ಅಲ್ಲ, ಮೇಲಿರುವ ಚಂದ್ರನದು. ಯಜಮಾನರ ಮಂಡಿ ಸರಿಯಾಗಿದ್ದರೂ ಕೆಸರಿಗೆ ಇಳಿಯಕೂಡದೆಂದು ಡಾಕ್ಟರು ಹೇಳಿದ್ದರು. ಕೂಲಿಯಾಳು ಕಳಿಸಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಫೋನು ಕಿವಿಯಲ್ಲಿಟ್ಟುಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಹೋಗಿ ಬಂದೆನೋ. ಅತ್ತೆ ಹಿಡಿ ಕಟ್ಟುತ್ತಾ ಏನೂ ಹೇಳದೆ ಕೂತಿದ್ದರು. ಏನಾದರೂ ಹೇಳಿದ್ದರೆ ಸುಲಭವಿತ್ತು, ಜಗಳವಾಡಿ ಸಂಕಿರಣಕ್ಕೇ ಹೋಗಿಬಿಡುತ್ತಿದ್ದೆ.

"ಮನಿಯಿಂದ" ಅಂದೆ.

"ಹಾಂಗಾರ್ ಬುಟ್ಟಿ ತಕಂಬನಿ" ಎಂದು ಫೋನಿಟ್ಟ.

ಶರ್ಮಿಳಾ ಮತ್ತು ಸರ್ ಸಂಕಿರಣಕ್ಕೆ ಹೋದರು. ಅಲ್ಲಿ ಅಧ್ಯಕ್ಷರು ಮೂವರ ಹೆಸರನ್ನೂ ಕೂಗಿದರಂತೆ. ಇಬ್ಬರು ಎದ್ದು ನಿಂತರು. ನನ್ನ ಹೆಸರನ್ನು ಇನ್ನೊಮ್ಮೆ ಕೂಗಿ, ಯಾಕೆ ಬಂದಿಲ್ಲ ಎಂದು ಕೇಳಿದರಂತೆ. "ಕಟ್ಟಕ್ಕೆ ಹೋಗಿದ್ದಾರೆ" ಎಂದಳಂತೆ ಶರ್ಮಿಳಾ. "ಓಹೋ, ಇನ್ನೂ ದತ್ತಾಂಶ ಸಂಗ್ರಹ ನಡೆದಿದೆಯೇ?" ಎಂದು ಅವರು ಮೆಚ್ಚಿ ತಲೆದೂಗಿದಾಗ, "ಅಲ್ಲ ಸರ್, ಮನೆಯಿಂದ ಹೋಗಿದ್ದಾರೆ" ಎಂದಳಂತೆ. ಸಭೆಗೆ ಏನೂ ಅರ್ಥವಾಗಲಿಲ್ಲ, ರಘುರಾಮ ಸರ್ ಮಾತ್ರ ತುಂಬಾ ಹೊತ್ತು ಕನ್ನಡಕ ಒರೆಸಿದರಂತೆ. ಇದೆಲ್ಲ ಅವಳು ಆಮೇಲೆ ಫೋನಿನಲ್ಲಿ ಹೇಳಿದ್ದು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾನು ಬರಿಗಾಲಲ್ಲಿ, ಅತ್ತೆಯ ಹಳೆಯ ಸೀರೆ ಎತ್ತಿ ಕಟ್ಟಿ, ನಮ್ಮದೇ ಬುಟ್ಟಿ ಹಿಡಿದು ಸಾಲಿನಲ್ಲಿದ್ದೆ. ಹಿಂದಿನ ವರ್ಷಕ್ಕಿಂತ ಜನ ಹೆಚ್ಚಿದ್ದರು ಎಂದು ಹೇಳಲಾರೆ; ಕಡಿಮೆಯೂ ಇರಲಿಲ್ಲ. ಮುಂದಿನ ವರ್ಷ ಯಾರು ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ, ಆ ಬಗ್ಗೆ ಯಾರೂ ಮಾತೂ ಎತ್ತಲಿಲ್ಲ. ಚಂದ್ರ ಕೂಗಿದ, "ಹ್ವಾಯ್, ಕೆಳಮನಿ!" ಮುಂದೆ ಹೋಗಿ ಬುಟ್ಟಿ ಕೊಟ್ಟೆ.

ಅವನು ಅದನ್ನು ಕೈಯಲ್ಲಿ ತೂಗಿ ನೋಡಿದ.

"ಎಂತ ಅತ್ತಿಗಿ, ಇಷ್ಟೇ ಮಣ್ಣಾ? ಹೋಯಿನಿ, ಇನ್ನೊಂಚೂರ್ ತುಂಬ್ಸ್ಕಂಬನಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಮತ್ತೆ ದಂಡೆ ಹತ್ತಿ ಮಣ್ಣಿನ ರಾಶಿಯ ಕಡೆ ಹೋದೆ. ಹೋಗುವುದು, ಬರುವುದು, ಮತ್ತೆ ಹೋಗುವುದು. ಅದೊಂದು ನನಗೆ ಹೇಗೂ ಬರುತ್ತದೆ.